ಕೊನೆಯ ಚಾಲುಕ್ಯ ದೊರೆಯ ಹೆಸರು ಕೇಳುತ್ತಿದ್ದವರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಒಪ್ಪಿದೆ. ನಾನು ಆಡಲು ಹೊರಟಿರುವುದು ಬದುಕಿರುವವರ ಬಗ್ಗೆ.

ಅಕ್ಕೋರು ಹೋದ ತಿಂಗಳು ತೀರಿಕೊಂಡರು. ಪಿನ್ನರಿನ ಚರ್ಚ್ ಹಾಲ್‌ನಲ್ಲಿ, ಒಂದು ಕಾಲಕ್ಕೆ ಅವರು ಶನಿವಾರದ ಕನ್ನಡ ಕ್ಲಾಸು ನಡೆಸುತ್ತಿದ್ದ ಅದೇ ಹಾಲ್‌ನಲ್ಲಿ, ಇಲ್ಲಿನ ಕನ್ನಡ ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟರು. ಫೋಟೋಕ್ಕೆ ಗಂಧದ ಹಾರ, ಮುಂದೆ ದೀಪ, ಹಿಂದಿನ ಮೇಜಿನ ಮೇಲೆ ಸಮೋಸ. ಅಧ್ಯಕ್ಷರು ಮೈಕು ಹಿಡಿದು, ಸೋಲೇ ಅರಿಯದ ಚಾಲುಕ್ಯ ಸಾಮ್ರಾಜ್ಯದ ವೈಭವವನ್ನು ನಮ್ಮ ಮಕ್ಕಳ ಎದೆಯಲ್ಲಿ ಬಿತ್ತಿದ ಮಹಾತಾಯಿ ಎಂದರು. ಸೋಲೇ ಅರಿಯದ! ಆ ಹೆಂಗಸು ಯಾವ ಒಂದು ಮಾತಿನ ವಿರುದ್ಧ ಕೊನೆಯವರೆಗೂ ಬಡಿದಾಡಿದರೋ, ಅದೇ ಮಾತನ್ನು ಅವರ ಫೋಟೋದ ಮುಂದೆ ನಿಂತು, ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋದರೆ ಅಕ್ಕೋರ ಯಜಮಾನರಿಗೆ ಬೇಜಾರಾದೀತೆಂದು ಕೂತೇ ಇದ್ದೆ. ಅಲ್ಲಿ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಈಗ ಬರೆಯುತ್ತಿದ್ದೇನೆ.

ಅಕ್ಕೋರು ಎಂದರೆ ಅವರ ಕಡೆ ಹೆಣ್ಣು ಮೇಷ್ಟ್ರು. ಬದಾಮಿಯವರು. ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವರು ಮದುವೆಯಾಗಿ ಹೌನ್ಸ್ಲೋಗೆ ಬಂದು, ಹೀಥ್ರೋ ಏರ್‌ಪೋರ್ಟಿನ ಹತ್ತಿರ ಸರಕು ಸಾಗಿಸುವ ಕಂಪನಿಯೊಂದರ ಆಫೀಸಿನಲ್ಲಿ ನಿವೃತ್ತಿಯವರೆಗೂ ದುಡಿದರು. ಇಳಕಲ್ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಓಟಗಾರರ ಬೂಟು. ಮೊದಲ ದಿನ ಮಕ್ಕಳು ರೂಢಿಯಂತೆ ಆಂಟಿ ಎಂದಾಗ, ಆಂಟಿ ನಿಮ್ಮ ಮನೆಯಲ್ಲಿ, ಇಲ್ಲಿ ಅಕ್ಕೋರು ಎಂದು ತಿದ್ದಿದರಂತೆ. ಆಮೇಲೆ ಅಪ್ಪ ಅಮ್ಮಂದಿರೂ ಹಾಗೆಯೇ ಕರೆಯತೊಡಗಿದೆವು. ಕುಂದಾಪುರದವಳಾದ ನನ್ನ ಬಾಯಿಗೆ ಆ ಶಬ್ದ ಹೊಂದಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು.

ಅವರದು ಒಳ್ಳೆಯ ಸ್ವಭಾವ ಎಂದು ಸಭೆಯಲ್ಲಿ ಎಲ್ಲರೂ ಹೇಳಿದರು. ಅದೂ ಸುಳ್ಳು. ಅಕ್ಕೋರ ಬಾಯಿಗೆ ಸಿಕ್ಕವರು ಬಿಸಿ ಬಾಣಲೆಗೆ ಬಿದ್ದಂತೆಯೇ. ಯಾರದೋ ಮಗುವಿನ ನಾಮಕರಣ ನಡೆಯುತ್ತಿರುತ್ತಿತ್ತು, ಕೈಯಲ್ಲಿ ಪಲಾವಿನ ತಟ್ಟೆ ಹಿಡಿದು ನಿಂತ ಯಾರೋ ಡಾಕ್ಟರರ ಹತ್ತಿರ ಇವರು ಹೋಗಿ, ಕೊನೆಯ ಚಾಲುಕ್ಯ ದೊರೆ ಯಾರು ಎಂದು ಕೇಳುತ್ತಿದ್ದರು. ಆತ ತಬ್ಬಿಬ್ಬಾಗಿ, ಇಮ್ಮಡಿ ಪುಲಕೇಶಿ ಅಲ್ಲವೇ ಎನ್ನುವುದು, ಇವರು ಹಣೆ ಚಚ್ಚಿಕೊಳ್ಳುವುದು. “ಏರಿದವ್ರ ಹೆಸರು ಎಲ್ಲಾರಿಗೂ ಗೊತ್ತಿರತೈತಿ ನೋಡ್ರಿ. ಇಳದವ್ರ ಹೆಸರು ಯಾರಿಗೂ ಬ್ಯಾಡ” ಎಂದು ಅವರ ಮುಖದ ಮೇಲೆಯೇ ಹೇಳಿ ಮುಂದಿನವರ ಕಡೆ ತಿರುಗುತ್ತಿದ್ದರು. ಅಕ್ಕೋರು ಬಂದರೆಂದರೆ ಜನ ತಟ್ಟೆ ಸಮೇತ ಪಕ್ಕದ ಕೋಣೆಗೆ ಜರುಗುತ್ತಿದ್ದರು. ಒಮ್ಮೆ ಒಬ್ಬ ತಾಯಿಗೆ, ನಿಮ್ಮ ಮಗನಿಗೆ ಮಾತು ಬರುತ್ತದೆ, ಆದರೆ ಅವನ ಮಾತನ್ನೆಲ್ಲ ನೀವೇ ಆಡಿ ಮುಗಿಸುತ್ತೀರಿ ಎಂದುಬಿಟ್ಟರು. ಆಕೆ ಆ ವಾರದಿಂದ ಕನ್ನಡ ಬಿಡಿಸಿ ಮಗನನ್ನು ಈಜು ಕಲಿಯಲು ಹಾಕಿದಳು.

ಕ್ಲಾಸಿನಲ್ಲಿ ಅವರು ಕೂತದ್ದನ್ನು ನಾನು ಕಂಡಿಲ್ಲ. ಹಾಲ್‌ನ ನೆಲಕ್ಕೆ ಅಂಟುಪಟ್ಟಿ ಹಚ್ಚಿ ನಕಾಶೆ ಮಾಡುತ್ತಿದ್ದರು. ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಉದ್ದಕ್ಕೂ ನರ್ಮದಾ ನದಿ. ನಡುವೆ ಕುರ್ಚಿ ಪೇರಿಸಿ ಬದಾಮಿಯ ಕೋಟೆ. ಕಂಚಿ ಟಾಯ್ಲೆಟ್ಟಿನ ಬಾಗಿಲ ಹತ್ತಿರ, ಯಾಕೆಂದರೆ ದಕ್ಷಿಣಕ್ಕೆ ಅದೊಂದೇ ಜಾಗ ಉಳಿದಿತ್ತು. ಪಟ್ಟಿಯೊಳಗೆ ಕಾಲಿಟ್ಟರೆ ಕನ್ನಡ, ಹೊರಗೆ ಏನು ಬೇಕಾದರೂ ಆಡಿಕೊಳ್ಳಿ ಎಂಬುದು ನಿಯಮ. ನನ್ನ ಮಗಳು ಸಿರಿ, ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಆ ಪಟ್ಟಿಯೊಳಗೆ ನಿಂತು “ಏ ಪಲ್ಲವಾ, ಹಿಂದಕ್ಕ ಸರಿ” ಎಂದು ಅಕ್ಕೋರ ಧಾಟಿಯಲ್ಲೇ ಗದರುವುದನ್ನು ಕೇಳಿ ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಕ್ಲಾಸು ಮುಗಿದ ಮೇಲೆ ಅಕ್ಕೋರು ಮಂಡಿಯೂರಿ ಕೂತು ಇಡೀ ಸಾಮ್ರಾಜ್ಯವನ್ನು ಉಗುರಿನಿಂದ ಕಿತ್ತು ಉಂಡೆ ಮಾಡಿ ಕಸದ ಡಬ್ಬಿಗೆ ಹಾಕುತ್ತಿದ್ದರು. ಆದರೂ ಗುರುತು ಉಳಿಯುತ್ತದೆಂದು ಹಾಲ್ ನೋಡಿಕೊಳ್ಳುವವನು ಗೊಣಗುತ್ತಿದ್ದ.

ಅವರದು ಇನ್ನೊಂದು ನಿಯಮವಿತ್ತು, ಎಲ್ಲ ರಗಳೆಯೂ ಶುರುವಾದದ್ದು ಅದರಿಂದಲೇ. ಗೆಲ್ಲುವ ಪಾತ್ರ ಮಾಡಿದ ಮಗುವೇ ಸೋಲಬೇಕು. ಸೋತ ಮಗುವೇ ಮತ್ತೆ ಎದ್ದು, ಮಗನ ಪಾತ್ರದಲ್ಲಿ, ಕಳೆದುಕೊಂಡದ್ದನ್ನು ಗೆಲ್ಲಬೇಕು. ನಡುವೆ ಪಾತ್ರ ಬದಲಿಸುವಂತಿಲ್ಲ.

ಚಾಲುಕ್ಯರ ಕಥೆಯೇ ಹಾಗಿದೆಯಲ್ಲ. ಗುಡ್ಡದ ಮೇಲೆ ಕೋಟೆ ಕಟ್ಟಿ ಶುರುಮಾಡಿದ ಮನೆತನ. ಇಮ್ಮಡಿ ಪುಲಕೇಶಿ ನರ್ಮದೆಯ ದಂಡೆಯಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ. ಇಷ್ಟು ನಮಗೆಲ್ಲ ಗೊತ್ತು, ಇಷ್ಟೇ ಗೊತ್ತು. ಅದೇ ಪುಲಕೇಶಿಯ ಕಾಲದಲ್ಲೇ ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ದಂಡೆತ್ತಿ ಬಂದು ಬದಾಮಿಯನ್ನು ಸುಟ್ಟ. ಪುಲಕೇಶಿ ಎಲ್ಲಿ ಸತ್ತ, ಹೇಗೆ ಸತ್ತ, ಬರೆದಿಟ್ಟವರಿಲ್ಲ. ಹದಿಮೂರು ವರ್ಷ ಊರು ಶತ್ರುವಿನ ಕೈಯಲ್ಲಿತ್ತು. ಆಮೇಲೆ ಪುಲಕೇಶಿಯ ಮಗ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ. ಮುಂದೆ ಇನ್ನೊಬ್ಬ ವಿಕ್ರಮಾದಿತ್ಯ ಕಂಚಿಯನ್ನೇ ಗೆದ್ದ, ಗೆದ್ದವನು ಸುಡಲಿಲ್ಲ, ಅಲ್ಲಿನ ಗುಡಿಯ ಬಂಗಾರವನ್ನು ಗುಡಿಗೇ ಬಿಟ್ಟು ಬಂದ. ಅವನ ಮಗ ಇಮ್ಮಡಿ ಕೀರ್ತಿವರ್ಮ ಬದಾಮಿಯ ಚಾಲುಕ್ಯರಲ್ಲಿ ಕೊನೆಯವನು. ಅವನನ್ನು ಕೆಡವಿದವನು ದಂತಿದುರ್ಗ, ಹೊರಗಿನವನಲ್ಲ, ಅವರ ಕೈಕೆಳಗೇ ಇದ್ದ ಸಾಮಂತ. ಅಲ್ಲಿಗೆ ರಾಷ್ಟ್ರಕೂಟರು ಶುರು. ಪಕ್ಕದ ಕೋಣೆಗೆ ಜರುಗುತ್ತಿದ್ದ ಡಾಕ್ಟರುಗಳಿಗೆ ಬೇಕಿದ್ದ ಉತ್ತರ ಇಷ್ಟೇ: ಕೀರ್ತಿವರ್ಮ.

ಬದಾಮಿಯ ಕೆರೆಯ ಹತ್ತಿರ ಒಂದು ಬಂಡೆಯ ಮೇಲೆ ನರಸಿಂಹವರ್ಮ ತಾನು ಈ ಊರನ್ನು ಗೆದ್ದೆ ಎಂದು ಕೆತ್ತಿಸಿದ್ದಾನೆ. ಅಕ್ಕೋರ ತಾಯಿ ಆ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಇವರು ಹೋಗಿ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದರಂತೆ. ಶಾಲೆಯ ಮೇಷ್ಟ್ರೊಬ್ಬರು ಅದು ಏನೆಂದು ಹೇಳಿದ ದಿನ ಇವರಿಗೆ ಸಿಟ್ಟು ಬಂದು, ನಮ್ಮವರು ಊರು ಮರಳಿ ಗೆದ್ದ ಮೇಲೂ ಇದನ್ನು ಯಾಕೆ ಅಳಿಸಿ ಹಾಕಲಿಲ್ಲ ಎಂದು ಕೇಳಿದರಂತೆ. ಕೇಳಿದ ಪ್ರಶ್ನೆಗೆ ಉತ್ತರ ತಾವೇ ಹುಡುಕಿಕೊಳ್ಳಲು ಬಹಳ ವರ್ಷ ಬೇಕಾಯಿತು ಎಂದು ನನಗೆ ಒಮ್ಮೆ ಬಸ್ಸಿನಲ್ಲಿ ಹೇಳಿದ್ದರು. “ಅದ ಊರಾಗ ಕುಂತು ಮತ್ತ ನೂರು ವರ್ಷ ಆಳ್ಯಾರ್ರಿ. ದಿನಾ ಆ ಕಲ್ಲಿನ ಮುಂದ ಅಡ್ಡಾಡ್ಯಾರ. ಒಂದು ಉಳಿ ಪೆಟ್ಟು ಹಾಕಿದ್ರ ಹೋಗತಿತ್ತು, ಹಾಕಲಿಲ್ಲ. ಸೋತದ್ದು ಉಳಿಸ್ಕೊಳ್ಳಾಕ ಗಟ್ಟಿ ಎದಿ ಬೇಕ್ರಿ.” ಚಾಲುಕ್ಯರು ನಿಜವಾಗಿ ಹಾಗೆ ಯೋಚಿಸಿದರೋ, ಅಥವಾ ಸುಮ್ಮನೆ ಬಿಟ್ಟರೋ, ನನಗೆ ಗೊತ್ತಿಲ್ಲ. ಅಕ್ಕೋರಿಗೆ ಅದೇ ವೇದವಾಗಿತ್ತು.

ಈಗ ನೇಹಾಳ ವಿಷಯ. ಹೆಸರು ಬದಲಿಸಿದ್ದೇನೆ. ಈಗ ಯೂನಿವರ್ಸಿಟಿಯಲ್ಲಿ ಓದುತ್ತಿರುವ ಅವಳನ್ನೇ ಕೇಳಿ, ಬರೆಯಿರಿ ಎಂದ ಮೇಲೆಯೇ ಬರೆಯುತ್ತಿದ್ದೇನೆ. ಅವಳು ಇದೇ ಅಧ್ಯಕ್ಷರ ಮಗಳು, ಆಗಲೂ ಅವರೇ ಅಧ್ಯಕ್ಷರು; ಸಿರಿಯ ವಾರಗೆಯವಳು.

ಇಲ್ಲಿನ ನಮ್ಮವರ ಮನೆಗಳಲ್ಲಿ ಮಕ್ಕಳಿಗೆ ಹತ್ತು ತುಂಬುತ್ತಿದ್ದಂತೆ ಒಂದು ಜ್ವರ ಶುರುವಾಗುತ್ತದೆ. ಗ್ರಾಮರ್ ಸ್ಕೂಲಿನ, ಅಂದರೆ ಜಾಣರನ್ನಷ್ಟೇ ಆರಿಸಿಕೊಳ್ಳುವ ಇಲ್ಲಿನ ಸರ್ಕಾರಿ ಶಾಲೆಯ, ಪ್ರವೇಶ ಪರೀಕ್ಷೆಯ ಜ್ವರ. ಟ್ಯೂಷನ್ನು, ಅಣಕು ಪರೀಕ್ಷೆ, ಅಜ್ಜಿ ಊರಿಂದಲೇ ಹೊರುವ ಹರಕೆ. ಫಲಿತಾಂಶದ ವಾರ ಫೋನು ಎತ್ತಲೂ ಹೆದರಿಕೆ. ನೇಹಾಳಿಗೆ ಸೀಟು ಸಿಗಲಿಲ್ಲ. ಸಿಗದಿದ್ದರೆ ಏನಾಯಿತು, ಊರಿನ ಮುಕ್ಕಾಲುಪಾಲು ಮಕ್ಕಳಿಗೆ ಸಿಗುವುದಿಲ್ಲ. ಆದರೆ ಅಧ್ಯಕ್ಷರು ಮಾಡಿದ್ದೇನೆಂದರೆ, ನಾವು ಪರೀಕ್ಷೆಗೆ ಕೂರಿಸಲೇ ಇಲ್ಲ, ನಮಗೆ ಅದರಲ್ಲಿ ನಂಬಿಕೆ ಇಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು. ಆ ಹುಡುಗಿ ವರ್ಷವಿಡೀ ಬೆಳಗ್ಗೆ ಬೇಗ ಎದ್ದು ಲೆಕ್ಕ ಬಿಡಿಸಿದ್ದನ್ನೂ ಸೇರಿಸಿ ಅಳಿಸಿ ಹಾಕಿದರು. ಯಾರಿಗೂ ಹೇಳಕೂಡದೆಂದು ಅವಳಿಗೂ ತಾಕೀತು ಮಾಡಿದರು. ಅವಳು ಅದನ್ನೊಂದೇ ಅಲ್ಲ, ಯಾವುದನ್ನೂ ಹೇಳುವುದನ್ನು ನಿಲ್ಲಿಸಿದಳು. ಕ್ಲಾಸಿಗೆ ಬಂದರೆ ಪಟ್ಟಿಯ ಹೊರಗೇ, ಕೋಟುಗಳನ್ನು ತೂಗುಹಾಕುವ ಗೋಡೆಗೆ ಒರಗಿ ನಿಂತಿರುತ್ತಿದ್ದಳು.

ಒಂದು ಶನಿವಾರ ಅಕ್ಕೋರು ಅವಳನ್ನು ಏನೂ ಕೇಳದೆ, ಕೈ ಹಿಡಿದು ಬದಾಮಿಯ ಕೋಟೆಯೊಳಗೆ ಕೂರಿಸಿ, ಇವತ್ತು ಕೋಟೆ ಕಾಯುವುದು ನಿನ್ನ ಕೆಲಸ ಎಂದರಂತೆ. ತುಂಬ ಹೊತ್ತಾದ ಮೇಲೆ ಆ ಕುರ್ಚಿಗಳ ಸಂದಿಯಿಂದ, ಪಟ್ಟಿಯೊಳಗಿನ ನಿಯಮ ಮುರಿಯದೆ, ಕನ್ನಡದಲ್ಲೇ ಹುಡುಗಿ ಹೇಳಿದಳು: “ನಾ ಸೋತೀನಿ ಅಕ್ಕೋರೆ. ಯಾರಿಗೂ ಹೇಳಬಾರದಂತೆ.”

ಮುಂದಿನ ವಾರ ಅಕ್ಕೋರು ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚಿದಾಗ ಪುಲಕೇಶಿ ನೇಹಾ. ಅಂದರೆ ನರ್ಮದೆಯಲ್ಲಿ ಗೆಲ್ಲುವವಳು ಅವಳು, ಬದಾಮಿಯಲ್ಲಿ ಬೀಳುವವಳು ಅವಳು, ಆಮೇಲೆ ವಿಕ್ರಮಾದಿತ್ಯನಾಗಿ ಎದ್ದು ಬಂದು ಊರು ಬಿಡಿಸುವವಳೂ ಅವಳೇ. ಎಲ್ಲರ ಕಣ್ಣೆದುರು ಬೀಳಲಿ, ಬಿದ್ದರೆ ನೆಲ ಬಾಯಿ ಬಿಡುವುದಿಲ್ಲ ಎಂದು ಅವಳ ಮೈಗೆ ಗೊತ್ತಾಗಲಿ ಎಂಬುದು ಅವರ ಲೆಕ್ಕ. ಸಿರಿಗೆ ಕೀರ್ತಿವರ್ಮ. ಕೊನೆಯವನು, ಮತ್ತೆ ಏಳದವನು. ನಾನು ಜಗಳಕ್ಕೆ ಹೋದೆ. ನನ್ನ ಮಗಳೇ ಯಾಕೆ ಎಂದು ಕೇಳಿದೆ. ಈಗಲೂ ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ, ತಾಯಿಯಾದವಳು ಕೇಳಬೇಕಾದ್ದೇ. ನಿಮ್ಮ ಮಗಳು ಸೋತರೂ ಊಟ ಬಿಡುವವಳಲ್ಲ, ಅದಕ್ಕೆ ಎಂದರು. ಅದು ನಿಜವಾಗಿತ್ತು, ಸುಮ್ಮನೆ ವಾಪಸ್ ಬಂದೆ. ಬರುವಾಗಲೇ ಅಕ್ಕೋರು ನೇಹಾಳ ವಿಷಯವನ್ನೂ ಹೇಳಿ, ನೀವೂ ಬಾಯಿ ಬಿಡಬೇಡಿ, ಅವಳೇ ಹೇಳುವವರೆಗೆ ಅದು ಅವಳದು ಎಂದು ಎಚ್ಚರಿಸಿದರು.

ಮಕ್ಕಳು ಮಾತೆಲ್ಲ ಕಲಿತಿದ್ದರು. ನೇಹಾ ಬೀಳುವುದನ್ನು ಕಲಿತಿದ್ದಳು. ಅಷ್ಟರಲ್ಲಿ ಅಧ್ಯಕ್ಷರು ತಾಲೀಮು ನೋಡಲು ಬಂದರು.

ಅವರ ಬಗ್ಗೆಯೂ ಎರಡು ಮಾತು ಹೇಳಬೇಕು. ಕೆಟ್ಟವರಲ್ಲ. ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಯಾರಿಗೆ ಜಿಪಿ ಡಾಕ್ಟರು ಸಿಗದಿದ್ದರೂ, ಕೌನ್ಸಿಲ್ಲಿನಲ್ಲಿ ಯಾರ ಕೆಲಸ ನಿಂತರೂ, ಒಂದು ಫೋನು ಮಾಡಿದರೆ ಓಡಿ ಬರುವ ಮನುಷ್ಯ. ಆದರೆ ಅವರ ಪ್ರಪಂಚದಲ್ಲಿ ಮೆಟ್ಟಿಲುಗಳೆಲ್ಲ ಮೇಲಕ್ಕೇ ಹೋಗುತ್ತವೆ. ಮಗಳು ನೆಲದ ಮೇಲೆ ಅಂಗಾತ ಬಿದ್ದಿರುವುದನ್ನು ಕಂಡು ಅವರ ಮುಖದ ಬಣ್ಣವೇ ಬದಲಾಯಿತು. ಅಕ್ಕೋರನ್ನು ಹೊರಗೆ ಕರೆದು ಹೇಳಿದರು, ನಾನು ಪಕ್ಕದಲ್ಲೇ ಇದ್ದೆ.

“ಮೇಡಂ, ರಾಜ್ಯೋತ್ಸವ ಅಂದ್ರೆ ಸೆಲೆಬ್ರೇಶನ್. ಹಬ್ಬದ ದಿನ ನಮ್ಮ ಹುಡುಗಿ ಸ್ಟೇಜ್ ಮೇಲೆ ಸತ್ತು ಬೀಳೋದು ಎಲ್ಲಾ ಬೇಡ. ನರ್ಮದಾ ಸೀನ್ ಆಯ್ತು, ಬಹುಪರಾಕ್, ಗ್ರೂಪ್ ಫೋಟೋ. ಅಲ್ಲಿಗೆ ನಿಲ್ಲಿಸಿಬಿಡಿ.”

“ಸರ, ಏರಿದ್ದಷ್ಟ ಹೇಳಿ ಇಳದದ್ದು ಮುಚ್ಚಿಟ್ರ ಅದು ಇತಿಹಾಸ ಅಲ್ರಿ,” ಎಂದರು ಅಕ್ಕೋರು. “ಲಗ್ನದ ಬಯೋಡಾಟಾ.”

ನನಗೆ ನಗು ಬಂತು, ಅಧ್ಯಕ್ಷರಿಗೆ ಬರಲಿಲ್ಲ. ಮಾತು ಸಮಿತಿಗೆ ಹೋಯಿತು. ಸಮಿತಿಯಲ್ಲಿ ಕಾರಣಗಳಿಗೇನು ಬರ. ಕೌನ್ಸಿಲರು ಮುಖ್ಯ ಅತಿಥಿ, ಅವರ ಮುಂದೆ ನಮ್ಮವರು ಸೋಲುವುದು ಸರಿಯೇ ಎಂದರು ಒಬ್ಬರು. ತಮಿಳು ಗೆಳೆಯರನ್ನೂ ಕರೆದಿದ್ದೇವೆ, ಪಲ್ಲವರ ಸುದ್ದಿ ಎತ್ತಿದರೆ ಬೇಜಾರು ಮಾಡಿಕೊಂಡಾರು ಎಂದರು ಇನ್ನೊಬ್ಬರು. ಗೆದ್ದವರು ಅವರು, ಅವರೇಕೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಕೇಳುವ ತಲೆ ಆ ಕೋಣೆಯಲ್ಲಿ ಇರಲಿಲ್ಲ. ಊಟಕ್ಕೆ ತಡವಾಗುತ್ತದೆ ಎಂಬುದು ಕೊನೆಯ ಕಾರಣ, ಅದಕ್ಕೆ ಎಲ್ಲರೂ ಕೈ ಎತ್ತಿದರು. ನರ್ಮದೆಯಿಂದ ಈಚೆಗಿನ ಚಾಲುಕ್ಯರು ಅಲ್ಲಿಗೆ ಮುಗಿದರು.

ಎಜ್‌ವೇರಿನ ಶಾಲೆಯೊಂದರ ಹಾಲ್‌ನಲ್ಲಿ ಕಾರ್ಯಕ್ರಮ. ಅಕ್ಕೋರು ಮಕ್ಕಳಿಗೆ ಕಿರೀಟ ಕಟ್ಟಿ ವೇದಿಕೆಗೆ ಕರೆತಂದವರು ಪರದೆ ನೋಡಿ ಹಾಗೆಯೇ ನಿಂತರು. ಹಿಂದಿನ ಗೋಡೆಯ ತುಂಬ ಒಂದು ಫ್ಲೆಕ್ಸ್. ಅದರಲ್ಲಿ ಕಲ್ಲಿನ ಗುಡಿ, ಗುಡಿಯ ಹಿಂದೆ ನೀಲಿ ಸಮುದ್ರ. ಕೆಳಗೆ ದಪ್ಪಕ್ಷರದಲ್ಲಿ ‘ಬಾದಾಮಿ ಚಾಲುಕ್ಯ ವೈಭವ’. ಅದು ಮಹಾಬಲಿಪುರದ ಕಡಲ ತೀರದ ಗುಡಿ. ಬದಾಮಿಯನ್ನು ಸುಟ್ಟವನ ವಂಶದವರು ಕಟ್ಟಿಸಿದ್ದು, ಆ ಊರಿನ ಹಳೆಯ ಹೆಸರು ಬಂದದ್ದೇ ಸುಟ್ಟವನ ಬಿರುದಿನಿಂದ. ಸಮಿತಿಯವರು ನೆಟ್‌ನಲ್ಲಿ ಚೆಂದದ ಹಳೇ ಗುಡಿ ಯಾವುದೆಂದು ಹುಡುಕಿ ಪ್ರಿಂಟು ಹಾಕಿಸಿದ್ದರು. ಬದಾಮಿಯಿಂದ ಸಮುದ್ರಕ್ಕೆ ಎಷ್ಟು ದೂರವೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಅಧ್ಯಕ್ಷರಿಗೆ ಹೇಳಿದೆ. ಬಿಡಿ, ಯಾರಿಗೆ ಗೊತ್ತಾಗುತ್ತೆ ಎಂದರು. ಅದೂ ನಿಜವೇ, ಯಾರಿಗೂ ಗೊತ್ತಾಗಲಿಲ್ಲ, ಎಲ್ಲರೂ ಫೋಟೋ ತೆಗೆದುಕೊಂಡರು.

“ಸೋಲು ಬ್ಯಾಡಂದ್ರು. ಅದ ಬಂದು ಹಿಂದ ನಿಂತೈತಿ ನೋಡ್ರಿ,” ಎಂದರು ಅಕ್ಕೋರು ನನ್ನ ಕಿವಿಯಲ್ಲಿ.

ನೇಹಾ ಶತ್ರುವಿನ ಗುಡಿಯ ಮುಂದೆ ನಿಂತು ಹರ್ಷವರ್ಧನನನ್ನು ಗೆದ್ದಳು. ಚಪ್ಪಾಳೆ, ಬಹುಪರಾಕ್, ಗ್ರೂಪ್ ಫೋಟೋ. ಅವಳ ಕಣ್ಣು ಮಾತ್ರ ಪಕ್ಕದ ಪರದೆಯ ಸಂದಿಯಲ್ಲಿ ನಿಂತಿದ್ದ ಅಕ್ಕೋರ ಮೇಲೇ ಇತ್ತು, ಈಗ ಬೀಳಲೇ ಎಂದು ಕೇಳುವ ಹಾಗೆ. ಸಿರಿ ಕೀರ್ತಿವರ್ಮನ ಕಿರೀಟ ಇಟ್ಟುಕೊಂಡೇ ಊಟದ ಸಾಲಿಗೆ ಹೋದಳು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಾಟಕ ಮುಗಿಯುತ್ತಿದ್ದ ಹಾಗೇ ಅಧ್ಯಕ್ಷರು ಮೈಕಿನಲ್ಲಿ ಅಕ್ಕೋರನ್ನು ವೇದಿಕೆಗೆ ಕರೆದರು. ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇಷ್ಟು ವರ್ಷ ಸೇವೆ ಮಾಡಿದ ನಮ್ಮ ಪ್ರೀತಿಯ ಅಕ್ಕೋರು ಆರೋಗ್ಯದ ಕಾರಣಕ್ಕೆ ಇಂದು ನಿವೃತ್ತರಾಗುತ್ತಿದ್ದಾರೆ ಎಂದು ಸಾರಿದರು. ಅಕ್ಕೋರಿಗೆ ಆ ಸುದ್ದಿ ತಲುಪಿದ್ದು ಎಲ್ಲರ ಜೊತೆಗೆ, ಅದೇ ಮೈಕಿನಿಂದ. ಆಗ ಅವರ ಆರೋಗ್ಯ ಕಲ್ಲುಗುಂಡಿನ ಹಾಗಿತ್ತು. ನಮ್ಮವರ ಈ ಪದ್ಧತಿ ನೀವೂ ನೋಡಿರುತ್ತೀರಿ. ಬೈದು ಕಳಿಸಿದರೆ ತಿರುಗಿ ಬೈಯಬಹುದು, ಶಾಲು ಹೊದಿಸಿ ಕಳಿಸಿದರೆ ಏನು ಮಾಡುತ್ತೀರಿ? ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಾಗ ನಾನು ಹೋಗುವುದಿಲ್ಲ ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ? ಆ ಶಾಲನ್ನು ಅವರು ಕೆಳಗಿಳಿದ ಕೂಡಲೇ ಹಾಲ್‌ನ ಬಾಗಿಲಲ್ಲಿ ಚಳಿಗೆ ನಡುಗುತ್ತ ನಿಂತಿದ್ದ ಕಾರು ನಿಲ್ಲಿಸುವ ಜಾಗ ತೋರಿಸುವ ಸ್ವಯಂಸೇವಕನಿಗೆ ಹೊದಿಸಿ ಹೋದರು.

ಅಕ್ಕೋರು ಮನೆಯಲ್ಲಿ ಸುಮ್ಮನೆ ಕೂರುವವರಲ್ಲ. ಕೆಲವು ವಾರ ಕಳೆದ ಮೇಲೆ ಫೋನು ಬಂತು. ಭಾನುವಾರ ಮಧ್ಯಾಹ್ನ ಮಕ್ಕಳನ್ನು ಹೌನ್ಸ್ಲೋದ ಮನೆಗೆ ಕರೆತನ್ನಿ, ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಆಡಿಸುತ್ತೇನೆ ಎಂದರು. ಬೇರೆಯವರಿಗೂ ಫೋನು ಮಾಡಿದ್ದರು. ಹೆಚ್ಚಿನವರಿಗೆ ಆ ಭಾನುವಾರವೇ ಯಾವ್ಯಾವುದೋ ಕೆಲಸ ಹುಟ್ಟಿಕೊಂಡಿತ್ತು. ಬಂದದ್ದು ನಾಲ್ಕೈದು ಮಕ್ಕಳು. ಆದರೆ ನೇಹಾ ಬಂದಿದ್ದಳು. ಅವಳ ಅಮ್ಮ ಬಾಗಿಲಲ್ಲೇ ಬಿಟ್ಟು, ನಮ್ಮನೆಯವರಿಗೆ ಬರ್ತ್‌ಡೇ ಪಾರ್ಟಿ ಎಂದು ಹೇಳಿದ್ದೇನೆ, ಸಂಜೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ನನ್ನ ಹತ್ತಿರ ಪಿಸುಗುಟ್ಟಿ ಹೋದಳು.

ಮುಂದಿನ ಕೋಣೆಯ ಸೋಫಾ ಗೋಡೆಗೆ ಸರಿಸಿ, ಕಾರ್ಪೆಟ್ಟಿನ ಮೇಲೆ ಪಟ್ಟಿ ಹಚ್ಚಿದ್ದರು. ಅಡುಗೆಮನೆಯ ಹೊಸ್ತಿಲು ನರ್ಮದೆ. ಮಕ್ಕಳು ಕಡಿಮೆ ಬಿದ್ದದ್ದರಿಂದ ಅಕ್ಕೋರ ಯಜಮಾನರು, ಜೋರಾಗಿ ಸೀನಲೂ ಸಂಕೋಚಪಡುವ ಮನುಷ್ಯ, ತಲೆಗೆ ಟವೆಲು ಸುತ್ತಿ ಹರ್ಷವರ್ಧನನಾದರು. ನೇಹಾ ಕೈ ಎತ್ತಿದ್ದೇ ತಡ, ಅಡುಗೆಮನೆಗೆ ಓಡಿ ಚಹಾಕ್ಕೆ ನೀರಿಟ್ಟರು. ಆ ಮನೆಯ ಮೇಲೆಯೇ ವಿಮಾನಗಳು ಹೀಥ್ರೋಗೆ ಇಳಿಯುವುದು. ಒಂದೊಂದು ಬಂದಾಗಲೂ ಮಕ್ಕಳು ಕತ್ತಿ ಎತ್ತಿದವರು ಎತ್ತಿದಂತೆಯೇ ನಿಂತು, ಸದ್ದು ಹೋದ ಮೇಲೆ ಕಡಿಯುತ್ತಿದ್ದರು. ಸಿರಿ ತನ್ನ ಸರದಿಗೆ ಕಾಯುತ್ತ ಮಹಡಿಯ ಮೆಟ್ಟಿಲ ಮೇಲೆ ಕಿರೀಟ ಹಾಕಿಕೊಂಡು ಕೂತಿದ್ದಳು.

ಪಲ್ಲವರು ಬಂದರು. ಕೋಟೆಯ ದಿಂಬುಗಳು ಉರುಳಿದವು. ನೇಹಾ ಕೊನೆಯ ಮಾತು ಹೇಳಿ ಬಿದ್ದಳು. ಆಡಿಕೊಂಡು ಬಿದ್ದದ್ದಲ್ಲ, ದೊಪ್ಪನೆ ಬಿದ್ದಳು. ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಯಾರೂ ಮಾತಾಡಲಿಲ್ಲ. ಅಕ್ಕೋರು ಆ ಮೌನವನ್ನು ಬೇಕೆಂದೇ ಹಾಗೆ ಬಿಟ್ಟಿದ್ದರು, ಅದು ಹದಿಮೂರು ವರ್ಷ. ಮಕ್ಕಳು ಮನಸ್ಸಿನಲ್ಲೇ ಎಣಿಸಬೇಕು, ಹದಿಮೂರು ಆದ ಮೇಲೆ ಅವಳು ಏಳಬೇಕು. ಎದ್ದು ಮಾತಾಡುವ ವಿಕ್ರಮಾದಿತ್ಯನ ಮಾತನ್ನು ಅವಳು ನಿದ್ದೆಗಣ್ಣಿನಲ್ಲೂ ಹೇಳುವಷ್ಟು ಕಲಿತಿದ್ದಳು.

ಎಣಿಕೆ ಇನ್ನೂ ಶುರುವಾಗಿತ್ತಷ್ಟೆ, ಬೆಲ್ ಆಯಿತು. ಯಜಮಾನರು ಬಾಗಿಲು ತೆಗೆದರು. ಅಮ್ಮನಿಗೆ ಕೆಲಸದಲ್ಲಿ ತಡವಾಯಿತೆಂದು ಅಧ್ಯಕ್ಷರೇ ಬಂದಿದ್ದರು. ಕೇಕು, ಬಲೂನು ಹುಡುಕಿಕೊಂಡು ಬಂದವರಿಗೆ ಕಾರ್ಪೆಟ್ಟಿನ ಮೇಲೆ ಬಿದ್ದಿದ್ದ ಮಗಳು ಕಂಡಳು.

“ನೇಹಾ, ಎದ್ದೇಳು,” ಎಂದರು.

ಅವಳು ಕಣ್ಣು ಬಿಡಲಿಲ್ಲ. “ಡ್ಯಾಡ್, ಐ ಯಾಮ್ ಡೆಡ್. ಪ್ಲೀಸ್ ವೇಟ್.”

“ಇನ್ನ ಹದಿಮೂರು ವರ್ಷ ಐತ್ರಿ ಸರ,” ಎಂದರು ಅಕ್ಕೋರು ಕುರ್ಚಿ ಸರಿಸುತ್ತ. ಅವರ ದನಿ ಅಷ್ಟು ಮೃದುವಾದದ್ದನ್ನು ನಾನು ಅದೊಂದೇ ಸಲ ಕೇಳಿದ್ದು. “ಒಂದು ಕಪ್ ಚಾ ಕುಡಿಯೂದ್ರಾಗ ಮುಗೀತೈತಿ. ಕೂಡ್ರಿ.”

ಕೂತಿದ್ದರೆ ಸಾಕಿತ್ತು. ಚಹಾ ಆಗಲೇ ಕುದಿಯುತ್ತಿತ್ತು. ಆದರೆ ಆ ಮನುಷ್ಯ ಬೂಟುಗಾಲಿನಲ್ಲೇ ಪಟ್ಟಿ ದಾಟಿ ಒಳಗೆ ಬಂದು, ಮಗಳ ತೋಳು ಹಿಡಿದು ಎತ್ತಿದರು. ನಮ್ಮ ಮಗು ಯಾರ ಮನೆಯಲ್ಲೂ ಹೀಗೆ ಬಿದ್ದುಕೊಂಡಿರೋದು ಬೇಕಿಲ್ಲ ಎಂದರು. ನಾನು ತಡೆಯಲು ಹೋದೆ. ನಿಮ್ಮ ಮನೆ ವಿಷಯ ನೋಡ್ಕೊಳ್ಳಿ ಎಂದರು. ನೇಹಾ ಅಳಲಿಲ್ಲ. ಅವಳ ತುಟಿ ಅಲುಗುತ್ತಿತ್ತು. ಒಂದು ಕೈ ಅಪ್ಪನ ಹಿಡಿತದಲ್ಲಿ, ಇನ್ನೊಂದು ಕೈಯಲ್ಲಿ ರಟ್ಟಿನ ಕತ್ತಿ, ಬಾಗಿಲು ದಾಟುವವರೆಗೂ ಅವಳು ಎಣಿಸುತ್ತಲೇ ಇದ್ದಳು.

ಕಾರು ಹೊರಟ ಸದ್ದಾಯಿತು. ಮಕ್ಕಳು ಪಿಳಿಪಿಳಿ ನೋಡುತ್ತ ನಿಂತಿದ್ದರು. ಏನಾದರೂ ಮಾಡಬೇಕಲ್ಲ ಎಂದು ನಾನು, ವಿಕ್ರಮಾದಿತ್ಯನ ಪಾತ್ರವನ್ನು ಸಿರಿ ಮಾಡಲಿ, ಅವಳಿಗೂ ಮಾತು ಬರುತ್ತದೆ, ನಾಟಕವಾದರೂ ಮುಗಿಯಲಿ ಎಂದೆ. ಅಕ್ಕೋರು ಕಿಟಕಿಯ ಹತ್ತಿರ ನಿಂತಿದ್ದರು. ಬೇಡವೆಂದು ತಲೆಯಾಡಿಸಿದರು. ಸಿಟ್ಟಿನಿಂದ ತಿರುಗಿ, ಬೂಟುಗಾಲಿಗೆ ಕಿತ್ತುಬಂದಿದ್ದ ಪಟ್ಟಿಯನ್ನು ತುಳಿದು ಕೂರಿಸಿದರು.

“ಬಿದ್ದದ್ದಷ್ಟ ನೋಡಿ ಕರ್ಕೊಂಡು ಹೋದ್ರಲ್ರಿ,” ಎಂದರು. “ಆಕಿ ಗೆಲ್ಲೂದು ಇನ್ನ ಬಾಕಿ ಇತ್ತು.”